‘ಹೊರಗೆ ಹೇಳಿದವರಾರು?’ ಎಂಬ ತಪ್ಪು ಪ್ರಶ್ನೆ

ಬಸದಿಯ ಅಥವಾ ಸಮಾಜದ ವಿದ್ಯಾರ್ಥಿನಿಲಯದ ಲೆಕ್ಕದಲ್ಲಿ ದೋಷವಿದೆ ಎಂಬ ವರದಿ ಪತ್ರಿಕೆಯಲ್ಲಿ ಬಂದರೆ, ಜೈನ ಸಮಾಜದಲ್ಲಿ ಮೊದಲು ಹುಟ್ಟುವ ಪ್ರಶ್ನೆ ‘ಇದು ನಿಜವೇ?’ ಎಂಬುದಲ್ಲ; ‘ಹೊರಗೆ ಹೇಳಿದವರಾರು?’ ಎಂಬುದು. ಲೆಕ್ಕಪುಸ್ತಕವನ್ನು ತೆರೆಯುವ ಮೊದಲೇ ಗುಮಾಸ್ತನ ಮೊಬೈಲನ್ನು ತೆರೆಸುವ ಮನೋಭಾವವಿದು. ಇದೇ ಮನೋಭಾವಕ್ಕೆ ಪ್ರಭುತ್ವದ ಬಲ ದೊರೆತರೆ ಏನಾಗುತ್ತದೆ ಎಂಬುದನ್ನು ಕಾಣಲು 2008ರ ಅಮೆರಿಕನ್ ಚಲನಚಿತ್ರ ‘ನಥಿಂಗ್ ಬಟ್ ದ ಟ್ರೂತ್’ ಅನ್ನು ನೋಡಬೇಕು.

ರಾಡ್ ಲೂರಿ ನಿರ್ದೇಶಿಸಿದ ಈ ಚಿತ್ರದಲ್ಲಿ ರೇಚಲ್ ಆರ್ಮ್‌ಸ್ಟ್ರಾಂಗ್ ಎಂಬ ವರದಿಗಾರ್ತಿ ಗುಪ್ತಚರ ಅಧಿಕಾರಿಣಿಯೊಬ್ಬಳ ಗುರುತನ್ನು ಪ್ರಕಟಿಸುತ್ತಾಳೆ. ಸುದ್ದಿ ಕೊಟ್ಟವರ ಹೆಸರು ಹೇಳಲು ಒಪ್ಪದ ಕಾರಣಕ್ಕೆ ನ್ಯಾಯಾಂಗ ನಿಂದನೆಯ ಹೆಸರಿನಲ್ಲಿ ಸೆರೆಮನೆ ಸೇರುತ್ತಾಳೆ. ಸಂಸಾರ ಒಡೆಯುತ್ತದೆ, ಮಗ ದೂರವಾಗುತ್ತಾನೆ. ಆಕೆ ಬಾಯಿ ಬಿಡುವುದಿಲ್ಲ. ಕೊನೆಯಲ್ಲಿ ಪ್ರೇಕ್ಷಕನಿಗೆ ಮಾತ್ರ ತಿಳಿಯುವ ಸಂಗತಿಯೆಂದರೆ, ಆ ಸುದ್ದಿಯ ಮೊದಲ ಮೂಲ ಅಧಿಕಾರಿಣಿಯ ಪುಟ್ಟ ಮಗಳೇ ಆಗಿದ್ದಳು.

ಚಿತ್ರಕ್ಕೆ ಪ್ರೇರಣೆಯಾದ ನಿಜಘಟನೆ ಇಷ್ಟು ನಿರ್ಮಲವಲ್ಲ. 2003ರಲ್ಲಿ ಅಂಕಣಕಾರ ರಾಬರ್ಟ್ ನೊವಾಕ್ ಅವರು ವ್ಯಾಲರಿ ಪ್ಲೇಮ್ ಎಂಬ ಗುಪ್ತಚರ ಅಧಿಕಾರಿಯ ಹೆಸರನ್ನು ಪ್ರಕಟಿಸಿದರು. ತನಿಖೆ ನಡೆದಾಗ, ಆ ಬಗ್ಗೆ ಒಂದು ಸಾಲನ್ನೂ ಪ್ರಕಟಿಸದ ನ್ಯೂಯಾರ್ಕ್ ಟೈಮ್ಸ್‌ನ ಜುಡಿತ್ ಮಿಲ್ಲರ್ ಸಾಕ್ಷ್ಯ ನುಡಿಯಲು ನಿರಾಕರಿಸಿ 2005ರಲ್ಲಿ 85 ದಿನ ಸೆರೆಯಲ್ಲಿದ್ದರು. ಅವರು ರಕ್ಷಿಸಿದ್ದು ಮಗುವನ್ನಲ್ಲ. ಅಮೆರಿಕದ ಉಪಾಧ್ಯಕ್ಷರ ಕಚೇರಿಯ ಮುಖ್ಯಾಧಿಕಾರಿ ಲೂಯಿಸ್ ಲಿಬಿ ಅವರನ್ನು. ಬಲಿಷ್ಠನಾದ ಮೂಲವನ್ನು ಮುಗ್ಧ ಬಾಲಕಿಯನ್ನಾಗಿಸಿ ಚಿತ್ರವು ತನ್ನ ವಾದವನ್ನು ಸುಲಭ ಮಾಡಿಕೊಂಡಿದೆ.

ಆದುದರಿಂದ ಸುದ್ದಿಮೂಲದ ರಕ್ಷಣೆ ವ್ಯರ್ಥವೆಂದು ತೀರ್ಮಾನಿಸುವವರು ತಪ್ಪುತ್ತಾರೆ. ರಕ್ಷಣೆ ಬೇಕೇ ಬೇಡವೇ ಎಂಬುದನ್ನು ಮೂಲದ ಅಂತಸ್ತನ್ನು ನೋಡಿ ನಿರ್ಧರಿಸಲಾಗದು. ಹಾಗೆ ನೋಡಲು ಮೊದಲು ಹೆಸರು ಹೊರಬರಬೇಕು, ಹೆಸರು ಹೊರಬಂದ ಮೇಲೆ ರಕ್ಷಿಸಲು ಉಳಿಯುವುದೇನು? ಕಾನೂನು ವಿಧಿಸಬೇಕಾದ ಪರೀಕ್ಷೆಯೇ ಬೇರೆ. 1972ರ ಬ್ರಾನ್ಸ್‌ಬರ್ಗ್ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 5-4ರ ಬಹುಮತದಿಂದ ಪತ್ರಕರ್ತರ ವಿರುದ್ಧ ತೀರ್ಪಿತ್ತಾಗ, ನ್ಯಾಯಮೂರ್ತಿ ಪಾಟರ್ ಸ್ಟೂವರ್ಟ್ ತಮ್ಮ ಭಿನ್ನಮತದಲ್ಲಿ ಅದನ್ನು ಹೇಳಿದ್ದರು: ಆ ಮಾಹಿತಿ ಪ್ರಕರಣಕ್ಕೆ ಸ್ಪಷ್ಟವಾಗಿ ಸಂಬಂಧಿಸಿರಬೇಕು, ಬೇರೆ ದಾರಿಯಿಂದ ದೊರೆಯುವಂತಿರಬಾರದು, ಸಾರ್ವಜನಿಕ ಹಿತ ಅದನ್ನು ಬಲವಾಗಿ ಬೇಡುವಂತಿರಬೇಕು. ಮೂರನ್ನೂ ಸಾಧಿಸಿ ತೋರಿಸುವ ಹೊಣೆ ಸರಕಾರದ್ದು.

ಭಾರತದಲ್ಲಿ ಇಷ್ಟೂ ಇಲ್ಲ. 1978ರ ಪತ್ರಿಕಾ ಮಂಡಳಿ ಕಾಯ್ದೆಯ 15ನೆಯ ಸೆಕ್ಷನ್ ಸುದ್ದಿಮೂಲವನ್ನು ಹೇಳುವಂತೆ ಯಾರನ್ನೂ ಬಲವಂತಪಡಿಸಬಾರದು ಎನ್ನುತ್ತದೆ. ಆದರೆ ಅದು ಮಂಡಳಿಯ ಸ್ವಂತ ವಿಚಾರಣೆಗೆ ಮಾತ್ರ ಅನ್ವಯ. ನ್ಯಾಯಾಲಯದ ಕಟಕಟೆಯಲ್ಲಿ ಪತ್ರಕರ್ತನಿಗೆ ಆ ಕವಚವಿಲ್ಲ. ಸಾಕ್ಷ್ಯ ಕಾಯ್ದೆಗೆ ಹೊಸ ಸೆಕ್ಷನ್ ಸೇರಿಸಿ ಈ ರಕ್ಷಣೆ ಕೊಡಿರೆಂದು ಕಾನೂನು ಆಯೋಗದ 93ನೆಯ ವರದಿ 1983ರಲ್ಲೇ ಶಿಫಾರಸು ಮಾಡಿತು. ನಾಲ್ಕು ದಶಕಗಳ ತರುವಾಯ ಸಾಕ್ಷ್ಯ ಕಾನೂನನ್ನೇ ಹೊಸದಾಗಿ ಬರೆದರು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿತು. ವಕೀಲ ಮತ್ತು ಕಕ್ಷಿದಾರರ ನಡುವಿನ ಮಾತಿಗೆ ಅಲ್ಲಿ ರಕ್ಷಣೆಯಿದೆ. ಪತ್ರಕರ್ತ ಮತ್ತು ಸುದ್ದಿಮೂಲದ ನಡುವಿನ ಮಾತಿಗೆ ಇಲ್ಲ. ಪೆಗಾಸಸ್ ಪ್ರಕರಣದಲ್ಲಿ 2021ರ ಅಕ್ಟೋಬರ್ 27ರಂದು ಸರ್ವೋಚ್ಚ ನ್ಯಾಯಾಲಯವು ಸುದ್ದಿಮೂಲದ ರಕ್ಷಣೆಯನ್ನು ಪತ್ರಿಕಾ ಸ್ವಾತಂತ್ರ್ಯದ ಮೂಲಭೂತ ಷರತ್ತುಗಳಲ್ಲೊಂದೆಂದು ಗುರುತಿಸಿದ್ದರೂ ಸಂಸತ್ತು ಅದನ್ನು ಕಾನೂನಾಗಿ ಬರೆಯಲಿಲ್ಲ. ಮೇಲಾಗಿ, ಫೋನನ್ನೇ ವಶಪಡಿಸಿಕೊಂಡರೆ ಪತ್ರಕರ್ತನ ಮೌನಕ್ಕೆ ಬೆಲೆಯೇನು?

ಇಲ್ಲಿ ಕೆಲವು ಹಿರಿಯರು ಧರ್ಮವನ್ನೇ ಮುಂದೊಡ್ಡುತ್ತಾರೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನವನ್ನು, ಎಂದರೆ ಪರರ ಗುಟ್ಟನ್ನು ಬಯಲು ಮಾಡುವುದನ್ನು ಎಣಿಸಿದೆ. ಹಾಗಾದರೆ ಲೆಕ್ಕವನ್ನು ಹೊರಗೆ ಕೊಟ್ಟವನು ವ್ರತಭಂಗ ಮಾಡಿದನಲ್ಲವೇ ಎಂಬುದು ಅವರ ವಾದ. ವಾದಿಸುವವರು ಅದೇ ಪಟ್ಟಿಯನ್ನು ಪೂರ್ತಿ ಓದಲಿ. ಅಲ್ಲಿ ಕೂಟಲೇಖಕ್ರಿಯೆಯೂ ಇದೆ. ಸುಳ್ಳು ದಾಖಲೆ ಬರೆಯುವುದು ಎಂದರ್ಥ. ನ್ಯಾಸಾಪಹಾರವೂ ಇದೆ. ಒತ್ತೆಯಿಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದನ್ನೇ ವ್ಯಾಖ್ಯಾನಕಾರರು ನ್ಯಾಸಾಪಹಾರವೆಂದಿದ್ದಾರೆ. ದಾನಿಗಳ ಮರೆವಿನ ಮೇಲೆ ಬಾಳುವ ಆಡಳಿತ ಮಂಡಳಿಗೆ ಇದಕ್ಕಿಂತ ನೇರವಾದ ಎಚ್ಚರಿಕೆ ಬೇಕಿಲ್ಲ.

ಮನೆಯ ಗುಟ್ಟು ಬೇರೆ, ಸಾರ್ವಜನಿಕ ನ್ಯಾಸದ ಲೆಕ್ಕ ಬೇರೆ. ಮೊದಲನೆಯದು ಒಬ್ಬರ ಸ್ವತ್ತು. ಎರಡನೆಯದು ಕೊಟ್ಟವರೆಲ್ಲರ ಹಕ್ಕು. ಗುಪ್ತಚರ ಅಧಿಕಾರಿಣಿಯ ಹೆಸರನ್ನು ಪ್ರಕಟಿಸಿದ್ದು ಸರಿಯೇ ಎಂದು ಚಿತ್ರದ ವರದಿಗಾರ್ತಿಯನ್ನು ಪ್ರಶ್ನಿಸಬಹುದು, ಪ್ರಶ್ನಿಸಲೇಬೇಕು. ಆಕೆಯ ಬರಹದ ಬಳಿಕ ಆ ಅಧಿಕಾರಿಣಿ ಕೊಲೆಯಾಗುತ್ತಾಳೆ. ಇನ್ನೊಬ್ಬರಿಗೆ ವಿಪತ್ತು ತರುವ ಸತ್ಯವನ್ನೂ ನುಡಿಯಬಾರದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿರುವುದು ಇಂಥ ಸಂದರ್ಭಕ್ಕೆ ಒಪ್ಪುತ್ತದೆ. ಅದೇ ವಿಧಿ ಸುದ್ದಿ ಕೊಟ್ಟ ಬಡ ಗುಮಾಸ್ತನಿಗೂ ಒಪ್ಪುತ್ತದೆ: ಅವನ ಹೆಸರು ಹೇಳಿದರೆ ಕೆಲಸ ಹೋಗುತ್ತದೆ, ಮಗಳ ಮದುವೆಯ ಮಾತು ಮುರಿಯುತ್ತದೆ, ಪಂಚಕಲ್ಯಾಣದ ಪಂಕ್ತಿಯಲ್ಲಿ ಅವನ ಪಕ್ಕ ಕೂರುವವರು ಎದ್ದು ಹೋಗುತ್ತಾರೆ.

ಲೆಕ್ಕಪರಿಶೋಧಕರ ಕಾನೂನು ಈ ಭೇದವನ್ನು ಬಲ್ಲದು. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಪ್ರಕಾರ ಕಕ್ಷಿದಾರನ ಮಾಹಿತಿಯನ್ನು ಅನುಮತಿಯಿಲ್ಲದೆ ಹೊರಗೆಡಹುವುದು ದುರ್ನಡತೆ. ಆದರೆ 2013ರ ಕಂಪನಿ ಕಾಯ್ದೆಯ 143ನೆಯ ಸೆಕ್ಷನ್ ಅಡಿಯಲ್ಲಿ 1 ಕೋಟಿ ರೂಪಾಯಿ ಅಥವಾ ಅದಕ್ಕೂ ಮೀರಿದ ವಂಚನೆಯನ್ನು ಕಂಡರೆ ಕೇಂದ್ರ ಸರಕಾರಕ್ಕೆ ವರದಿ ಮಾಡುವುದು ಕರ್ತವ್ಯ. ಗೋಪ್ಯತೆ ವಂಚನೆಯ ಹೊದಿಕೆಯಲ್ಲ. ಪಟ್ಟಿಯಾದ ಕಂಪನಿಗಳು ದೂರು ಕೊಟ್ಟವರನ್ನು ಪೀಡನೆಯಿಂದ ಕಾಯುವ ವ್ಯವಸ್ಥೆ ಇಡಬೇಕೆಂದು ಅದೇ ಕಾಯ್ದೆಯ 177ನೆಯ ಸೆಕ್ಷನ್ ಹೇಳುತ್ತದೆ. ಷೇರುದಾರನಿಗೆ ಸಿಗುವ ಈ ಭರವಸೆ ಬಸದಿಯ ಹುಂಡಿಗೆ ಹಣ ಹಾಕಿದ ವಿಧವೆಗೆ ಏಕಿಲ್ಲ?

ಮುಂಬಯಿ, ಪುಣೆಗಳಲ್ಲಿ ನ್ಯಾಸದಲ್ಲಿ ಹಿತಾಸಕ್ತಿಯುಳ್ಳ ಯಾರೇ ಆಗಲಿ ಮಹಾರಾಷ್ಟ್ರ ಸಾರ್ವಜನಿಕ ನ್ಯಾಸಗಳ ಕಾಯ್ದೆಯ 41ಬಿ ಸೆಕ್ಷನ್ ಅಡಿಯಲ್ಲಿ ಲಿಖಿತ ದೂರು ಕೊಡಬಹುದು. ಆದರೆ ಅದಕ್ಕೆ ಸಹಿ ಬೇಕು. ಸಹಿ ಹಾಕಿದವನು ಸಮಾಜದಲ್ಲಿ ಬಾಳಬೇಕು. ಆ ಧೈರ್ಯವಿಲ್ಲದವನು ಪತ್ರಕರ್ತನ ಬಾಗಿಲು ತಟ್ಟುತ್ತಾನೆ. ಅವನನ್ನು ಅಲ್ಲಿಗೆ ಕಳಿಸಿದವರು ಆಡಳಿತದವರೇ.

ಎರಡು ಕೆಲಸಗಳಿವೆ. ಒಂದು, ಕಾನೂನು ಆಯೋಗದ ಶಿಫಾರಸನ್ನು ಸಾಕ್ಷ್ಯ ಅಧಿನಿಯಮದಲ್ಲಿ ಸೇರಿಸಿರೆಂದು, ಫೋನು ವಶಕ್ಕೂ ನ್ಯಾಯಾಧೀಶರ ಪೂರ್ವಾನುಮತಿ ಬೇಕೆಂದು ತಮ್ಮ ಕ್ಷೇತ್ರದ ಸಂಸದರನ್ನು ಒತ್ತಾಯಿಸುವುದು. ಆಳುವ ಪಕ್ಷ ಯಾವುದೇ ಇರಲಿ, ಈ ಬೇಡಿಕೆ ಬದಲಾಗಬಾರದು. ಎರಡು, ಪ್ರತಿಯೊಂದು ಸಮಾಜ ಸಂಸ್ಥೆಯೂ ಪರಿಶೋಧಿತ ಲೆಕ್ಕವನ್ನು ವರ್ಷಕ್ಕೊಮ್ಮೆ ಎಲ್ಲ ಸದಸ್ಯರಿಗೆ ಕಳಿಸಬೇಕು; ಮಂಡಳಿಗೆ ಸೇರದ ಒಬ್ಬರ ಬಳಿ ಹೆಸರು ಗುಟ್ಟಾಗಿಟ್ಟು ದೂರು ಸ್ವೀಕರಿಸುವ ವ್ಯವಸ್ಥೆ ಮಾಡಬೇಕು; ದೂರಿದವರನ್ನು ಶಿಕ್ಷಿಸುವುದಿಲ್ಲವೆಂದು ಮಹಾಸಭೆಯಲ್ಲಿ ನಿರ್ಣಯ ಅಂಗೀಕರಿಸಬೇಕು. ಮುಂಬರುವ ವಾರ್ಷಿಕ ಸಭೆಗಳಲ್ಲಿ ಈ ನಿರ್ಣಯವನ್ನು ಮಂಡಿಸಲು ಒಬ್ಬ ಸದಸ್ಯನೂ ಒಬ್ಬ ಅನುಮೋದಕನೂ ಸಾಕು. ಅದನ್ನು ವಿರೋಧಿಸುವವರು ಎದ್ದು ನಿಂತು, ಏಕೆ ವಿರೋಧಿಸುತ್ತೇವೆ ಎಂಬುದನ್ನು ದಾನಿಗಳ ಎದುರೇ ಹೇಳಲಿ.