ಪಾರಿಭಾಷಿಕ ಪದ ಮತ್ತು ಹರಿವಿನ ಅರಿವು

ಪಾರಿಭಾಷಿಕ ಪದರಚನೆಯಲ್ಲಿ ಮೂಲಪದದ ನಿಘಂಟಿನ ಅರ್ಥಕ್ಕಿಂತ ಅದು ಸೂಚಿಸುವ ಕ್ರಿಯೆಯೇ ಮುಖ್ಯವಾಗಬೇಕು. ಜೆಟ್ ಎಂಜಿನ್ನಿನ ಅಕ್ಷೀಯ ಹರಿವಿನ ಕಂಪ್ರೆಸರ್ ಇದಕ್ಕೆ ನಿದರ್ಶನ. ಇದರಲ್ಲಿ ತಿರುಗುವ ಹಾಗೂ ಸ್ಥಿರವಾದ ಅಲಗುಗಳ ಸಾಲುಗಳು ಗಾಳಿಯನ್ನು ಹಂತಹಂತವಾಗಿ ಒತ್ತುತ್ತವೆ. ಒತ್ತಡ ಏರುವ ದಿಕ್ಕಿನಲ್ಲಿಯೇ ಗಾಳಿ ಸಾಗಬೇಕಾದುದರಿಂದ ಹರಿವು ಸುಲಭವಾಗಿ ಅಸ್ಥಿರಗೊಳ್ಳುತ್ತದೆ. ಅಂದಿನ ಅಲಗುಗಳು ‘ಸ್ಟಾಲ್’ ಆದ ವಿಮಾನದ ರೆಕ್ಕೆಗಳಂತೆ ವರ್ತಿಸುತ್ತಿದ್ದವೆಂದು 1926ರಲ್ಲಿ ಇಂಗ್ಲೆಂಡಿನ ಎ. ಎ. ಗ್ರಿಫಿತ್ ತೋರಿಸಿದರು. ಅಲಗನ್ನು ರೆಕ್ಕೆಯೆಂದು ಕಂಡುದೇ ಆ ಪದಬಳಕೆಯ ಹಿಂದಿನ ಅರಿವು.

ಕನ್ನಡದ ಓದುಗರಿಗೆ ‘ಸ್ಟಾಲ್’ ಎಂದರೆ ಮಳಿಗೆ. ‘ಸ್ಥಗನ’ ಎಂದರೆ ಗಾಳಿಯೇ ನಿಂತಿತೆಂಬ ತಪ್ಪು ಕಲ್ಪನೆ ಮೂಡುತ್ತದೆ. ವಾಸ್ತವವಾಗಿ ಗಾಳಿ ಅಲಗಿನ ಮೈಯಿಂದ ಬೇರ್ಪಡುತ್ತದೆ; ಆದ್ದರಿಂದ ‘ಹರಿವಿನ ಕಳಚಿಕೆ’ ಎಂಬುದು ಹೆಚ್ಚು ಸಮರ್ಪಕ. ಇದು ಕೆಲವೇ ಅಲಗುಗಳ ನಡುವೆ ಹುಟ್ಟಿ, ಚಕ್ರದ ಸುತ್ತ ಚಲಿಸಬಹುದು. ‘ಸರ್ಜ್’ ಇದಕ್ಕಿಂತ ಭಿನ್ನ: ಅಲ್ಲಿ ಇಡೀ ಕಂಪ್ರೆಸರಿನ ಹರಿವೇ ಹಿಂದುಮುಂದಾಗಿ ತುಯ್ಯುತ್ತದೆ. ಅದನ್ನು ‘ಹರಿವಿನ ಹೊಯ್ದಾಟ’ ಎನ್ನುವುದು ಯುಕ್ತ. ಇವೆರಡಕ್ಕೂ ಒಂದೇ ಪದವನ್ನು ಬಳಸಿದರೆ ಕಾರಣವೂ ಪರಿಣಾಮವೂ ಕಲಸಿಹೋಗುತ್ತವೆ.

ಕಾವೇರಿಯ ಹೆಸರು ಹೊತ್ತ ಜೆಟ್ ಎಂಜಿನ್ ರೂಪುಗೊಂಡುದು ಬೆಂಗಳೂರಿನಲ್ಲಿ. ಇಂತಹ ಪದಗಳನ್ನು ಕನ್ನಡ ವಿಭಾಗಗಳು ನಿಘಂಟುಗಳಿಂದ ಮಾತ್ರವಲ್ಲದೆ, ಎಂಜಿನಿಯರುಗಳೊಡನೆ ಚರ್ಚಿಸಿ ರೂಪಿಸಬೇಕಾಗಿದೆ.