ಹಲಗೆಯಲ್ಲಿ ಕನ್ನಡ, ಎಲೆಯಲ್ಲಿ ಇಂಗ್ಲಿಷ್

ಸಾಹಿತ್ಯದ ಪುಟದಲ್ಲಿ ಹೋಟೆಲಿನ ಊಟದ ವಿಚಾರವೇಕೆ ಎಂದು ಹುಬ್ಬು ಗಂಟಿಕ್ಕುವ ವಾಚಕರು ದಯವಿಟ್ಟು ಸ್ವಲ್ಪ ತಾಳಿಕೊಳ್ಳಬೇಕು. ನಾನು ಹೇಳಹೊರಟಿರುವುದು ರುಚಿಯ ಮಾತಲ್ಲ, ಭಾಷೆಯ ಮಾತು. ಎಲೆಯ ಮುಂದೆ ಕುಳಿತಾಗಲೂ ಕನ್ನಡ ಮೇಷ್ಟರಿಗೆ ಅದೇ ಚಿಂತೆ ಎಂದು ನಗುವವರಿದ್ದರೆ ನಗಲಿ. ಮಾತು ಮುಗಿದ ಮೇಲೆ ನಗಲಿ.

ಮೊನ್ನೆ ಒಂದು ಶನಿವಾರ ಭದ್ರಾವತಿಯಿಂದ ನಮ್ಮ ಚಿಕ್ಕಪ್ಪ ಬಂದಿದ್ದರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಓದಿದ್ದು ಎಸ್ಸೆಸ್ಸೆಲ್ಸಿ, ಕನ್ನಡದಲ್ಲಿ. ಕಾಲೇಜಿಗೆ ಹೋಗುವ ನನ್ನ ಮಗಳು, "ಅಜ್ಜನನ್ನು ಏಷಿಯನ್ ಹೋಟೆಲಿಗೆ ಕರಕೊಂಡು ಹೋಗೋಣ" ಎಂದು ಹಟ ಹಿಡಿದಳು. ಚೀನ, ಜಪಾನು, ಥಾಯ್ಲೆಂಡು, ವಿಯೆಟ್ನಾಮು, ಟಿಬೆಟ್ಟು, ಎಲ್ಲವನ್ನೂ ಒಂದೇ ಸೂರಿನಡಿ ಬಡಿಸುವ ಇಂಥ ಊಟದ ಮನೆಗಳು ಬೆಂಗಳೂರನ್ನು ದಾಟಿ ಈಗ ನಮ್ಮ ಶಿವಮೊಗ್ಗಕ್ಕೂ ಬಂದಿವೆ. ಬರಲಿ, ಸಂತೋಷವೇ. ಹೊರಗಿನ ಹಲಗೆಯನ್ನು ನೋಡಿ ನನಗೆ ಇನ್ನೂ ಸಂತೋಷವಾಯಿತು. ದೊಡ್ಡ ದೊಡ್ಡ ಕನ್ನಡ ಅಕ್ಷರಗಳು!

ಒಳಗೆ ಕುಳಿತೆವು. ಮೆನು ಕಾರ್ಡು ಬಂತು. ಹನ್ನೆರಡು ಪುಟ, ಒಂದು ಕನ್ನಡ ಅಕ್ಷರವಿಲ್ಲ. ಚಿಕ್ಕಪ್ಪ ಅದನ್ನು ಕೈಯಲ್ಲಿ ಹಿಡಿದು ಎರಡು ಪುಟ ತಿರುವಿದರು; ಮೆಲ್ಲಗೆ ಮೇಜಿನ ಮೇಲಿಟ್ಟರು.

"ಏನು ತಗೊಳ್ತೀರಿ ಚಿಕ್ಕಪ್ಪ?" ಎಂದೆ.

"ಕನ್ನಡಕ ತಂದಿಲ್ಲ ಮಾರಾಯ. ನೀನೇ ಏನಾದರೂ ಹೇಳು" ಎಂದರು.

ಕನ್ನಡಕ ಅವರ ಅಂಗಿಯ ಜೇಬಿನಲ್ಲೇ ಇತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

ಮಗಳು ಥಾಯ್ ದೇಶದ ಒಂದು ಪಲ್ಯವನ್ನೂ ಅನ್ನವನ್ನೂ ಹೇಳಿದಳು. ಬರೆದುಕೊಳ್ಳುತ್ತಿದ್ದ ಸಪ್ಲೈಯರ್ ಹುಡುಗ ತಟ್ಟನೆ ನಿಂತು, "ಅಕ್ಕ, ಅದ್ರಲ್ಲಿ ಮೀನು ಸಾಸ್ ಇದೆ. ಅಜ್ಜ ತಿಂತಾರಾ?" ಎಂದು ಕೇಳಿದ. ಚಿಕ್ಕಪ್ಪ ಶನಿವಾರ ಮೀನು ಮಾಂಸ ಮುಟ್ಟುವವರಲ್ಲ. ಥಾಯ್ಲೆಂಡಿನ ಅಡಿಗೆಯಲ್ಲಿ ನಮ್ಮ ಉಪ್ಪಿನ ಜಾಗದಲ್ಲಿ ಮೀನಿನ ರಸ ನಿಲ್ಲುತ್ತದೆ ಎಂಬುದು ಅವರಿಗೆ ತಿಳಿದಿರುವ ಸಂಭವವಿಲ್ಲ, ನಮಗೂ ಹೊಳೆದಿರಲಿಲ್ಲ. ವ್ರತವನ್ನು ಉಳಿಸಿದವನು ಆ ಹುಡುಗ. ಊರು ಯಾವುದೆಂದು ವಿಚಾರಿಸಿದರೆ ಮಣಿಪುರ! ಶಿವಮೊಗ್ಗಕ್ಕೆ ಬಂದು ಎರಡು ವರ್ಷವಾಯಿತಂತೆ. ಎರಡು ವರ್ಷದಲ್ಲಿ ಮಣಿಪುರದ ಹುಡುಗ ಕಲಿತ ಕನ್ನಡವನ್ನು ನಮ್ಮ ಮಲೆನಾಡಿನ ಮಾಲೀಕರ ಮೆನು ಕಾರ್ಡು ಕಲಿತಿಲ್ಲ.

ಹಣ ಕೊಡುವಾಗ ಗಲ್ಲದಲ್ಲಿ ಕುಳಿತಿದ್ದ ಮಾಲೀಕರನ್ನು ವಿನಯದಿಂದಲೇ ಕೇಳಿದೆ. ಅವರೂ ವಿನಯದಿಂದಲೇ ಉತ್ತರಿಸಿದರು: "ಕನ್ನಡದಲ್ಲಿ ಹಾಕಿದರೆ ಜನ ಇದನ್ನು ಸಾಮಾನ್ಯ ಹೋಟೆಲು ಅಂದುಕೊಳ್ತಾರೆ ಸಾರ್. ಈ ರೇಟು ಕೊಡೋಲ್ಲ."

ಈ ಮಾತಿಗೆ ನಾನು ಅವರ ಮೇಲೆ ಸಿಟ್ಟಾಗಲಾರೆ. ಅವರು ವ್ಯಾಪಾರಿಗಳು, ಗಿರಾಕಿಯ ಮನಸ್ಸನ್ನು ಓದಿದ್ದಾರೆ. ಅವರು ಓದಿದ ಗಿರಾಕಿ ಯಾರು? ನಾವೇ. ಇಂಗ್ಲಿಷಿನಲ್ಲಿ ಬರೆದರೆ ಇನ್ನೂರೈವತ್ತು ರೂಪಾಯಿ ಕೊಟ್ಟು, ಕನ್ನಡದಲ್ಲಿ ಬರೆದರೆ ಐವತ್ತಕ್ಕೆ ಚೌಕಾಸಿ ಮಾಡುವವರು ನಾವು. ನವೆಂಬರಿನಲ್ಲಿ ಬಾವುಟ ಹಿಡಿಯುವವರೂ ನಾವು. ಸರಕಾರ ೨೦೨೪ರಲ್ಲಿ ಕಾಯಿದೆಯನ್ನು ತಿದ್ದಿ, ನಾಮಫಲಕದಲ್ಲಿ ನೂರಕ್ಕೆ ಅರವತ್ತು ಪಾಲು ಕನ್ನಡವಿರಬೇಕು, ಅದೂ ಮೇಲರ್ಧದಲ್ಲಿರಬೇಕು ಎಂದು ವಿಧಿಸಿತು. ಒಳ್ಳೆಯದೇ. ಆದರೆ ಕಾಯಿದೆ ಹಲಗೆಯನ್ನು ಅಳೆಯಬಲ್ಲದು. ಹೊಸಿಲು ದಾಟಿ ಒಳಗೆ ಬರಬೇಕಾದವರು ಕನ್ನಡಿಗರು. ಅವರು ಒಳಗೆ ಬರುವಾಗ ಚಪ್ಪಲಿಯ ಜೊತೆಗೆ ಭಾಷೆಯನ್ನೂ ಹೊರಗೆ ಬಿಟ್ಟು ಬರುತ್ತಿದ್ದಾರೆ.

ಇಷ್ಟು ಹೇಳಿದೊಡನೆ ಇನ್ನೊಂದು ಕಡೆಯಿಂದ ಕೆಲವು ಮಹನೀಯರು ಚಪ್ಪಾಳೆ ತಟ್ಟುತ್ತಾರೆ: "ಸರಿಯಾಗಿ ಹೇಳಿದಿರಿ! ಈ ಪರದೇಶದ ತಿಂಡಿಗಳಿಂದ ನಮ್ಮ ಸಂಸ್ಕೃತಿ ಕೆಟ್ಟಿತು." ಅವರ ಚಪ್ಪಾಳೆ ನನಗೆ ಬೇಡ. ಮೆಣಸಿನಕಾಯಿ ಇಲ್ಲದ ಸಂಸ್ಕೃತಿಯನ್ನು ಆ ಮಹನೀಯರು ಒಂದು ಹೊತ್ತು ಉಂಡು ತೋರಿಸಲಿ. ಅದು ಅಮೆರಿಕದ ಕಾಯಿ. ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ನಮ್ಮ ಹಿರಿಯರು ಅದನ್ನು ಓಡಿಸಲಿಲ್ಲ. ತಮ್ಮ ಮೆಣಸಿನ ಹೆಸರನ್ನೇ ಕೊಟ್ಟು ಮನೆಯೊಳಗೆ ಕರೆದುಕೊಂಡರು. ಪರಂಗಿಯವರ ಹಣ್ಣು ಪರಂಗಿ ಹಣ್ಣಾಯಿತು. ಸಿಹಿಗುಂಬಳ ಬಂದದ್ದು ಅಮೆರಿಕದಿಂದ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅದರ ಹೆಸರು ಚೀನಿಕಾಯಿ! ಭೂಗೋಳ ತಪ್ಪಿದ್ದರೂ ಹೆಸರು ನಮ್ಮದು. ಚಹಾ ಎನ್ನಿ, ಟೀ ಎನ್ನಿ, ಎರಡೂ ಮೂಲದಲ್ಲಿ ಚೀನೀ ಮಾತುಗಳೇ. ಪದಾರ್ಥ ಬಂದರೆ ನಾವು ಹಾಳಾಗಲಿಲ್ಲ. ಹೆಸರಿಡುವ ಧೈರ್ಯ ಹೋದರೆ ಹಾಳಾಗುತ್ತೇವೆ.

ಈ ಧೈರ್ಯ ಹೋದದ್ದರಿಂದ ಆಗುವ ನಷ್ಟ ಬರಿಯ ಅಭಿಮಾನದ್ದಲ್ಲ. ಗೋಬಿ ಮಂಚೂರಿಯನ್ನು ನೋಡಿ. ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಸಂಜೆ ಅದರ ಗಾಡಿಯಿಲ್ಲದ ರಸ್ತೆ ಅಪರೂಪ. ಮಂಚೂರಿಯಾ ದೇಶದವರು ಅದನ್ನು ಕಂಡವರಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮನೆತನದ ನೆಲ್ಸನ್ ವಾಂಗ್ ಎಂಬ ಅಡಿಗೆಯವರು ೧೯೭೫ರಲ್ಲಿ ಮುಂಬಯಿಯಲ್ಲಿ ಕೋಳಿಯ ಮಂಚೂರಿಯನ್ನು ಮೊದಲು ಮಾಡಿದರೆಂದು ಹೇಳುತ್ತಾರೆ. ಕೋಳಿಯ ಜಾಗಕ್ಕೆ ಹೂಕೋಸು ಬಂದು ನಮ್ಮ ಗೋಬಿಯಾಯಿತು. ನಮ್ಮ ಸಾರಿಗೆ ಅರಿಸಿನ ಒಂದು ಚಿಟಿಕೆ ಹೆಚ್ಚಾದರೆ ಮನೆಯ ಅಜ್ಜಿ ಬಾಗಿಲಿನಿಂದಲೇ ಹೇಳುತ್ತಾಳೆ. ಗೋಬಿ ಎಷ್ಟು ಕೆಂಪಗಿರಬೇಕೆಂದು ಹೇಳುವ ಅಜ್ಜಿ ಯಾವ ಮನೆಯಲ್ಲಿದ್ದಾಳೆ? ೨೦೨೪ರ ಮಾರ್ಚಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ೧೭೧ ಮಾದರಿಗಳನ್ನು ಪರೀಕ್ಷಿಸಿದಾಗ ೧೦೭ರಲ್ಲಿ ಕೃತಕ ಬಣ್ಣವಿದ್ದು ಅವು ಸುರಕ್ಷಿತವಲ್ಲವೆಂದು ತಿಳಿಯಿತು. ಗೋಬಿಗೆ ಅಂಥ ಬಣ್ಣ ಹಾಕುವುದನ್ನು ನಿಷೇಧಿಸಬೇಕಾಯಿತು. ಅಷ್ಟು ವರ್ಷ ಆ ಕೆಂಪನ್ನು ನಾವು ಪ್ರಶ್ನಿಸಲಿಲ್ಲ. ತನಗೆ ಅರ್ಥವಾಗದ ಹೆಸರಿನ ಪದಾರ್ಥದ ಮುಂದೆ ಮನುಷ್ಯ ಪ್ರಶ್ನೆ ಕೇಳುವುದನ್ನು ಬಿಡುತ್ತಾನೆ. ಕೇಳಿದರೆ ದಡ್ಡನೆಂದಾರು ಎಂಬ ಅಂಜಿಕೆ. ಚಿಕ್ಕಪ್ಪನ ಜೇಬಿನಲ್ಲಿ ಕನ್ನಡಕ ಉಳಿದದ್ದೂ ಈ ಅಂಜಿಕೆಯಿಂದಲೇ.

ಭದ್ರಾವತಿಯ ಮನುಷ್ಯನನ್ನು ಅಂಜಿಸುವುದು ಸುಲಭವಲ್ಲ. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಊರು ಅದು. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಅಲ್ಲಿ ಕೆಲಸ ಆರಂಭಿಸಿತು. ೧೯೩೬ರಲ್ಲಿ ಕಾಗದದ ಕಾರ್ಖಾನೆಯ ಸ್ಥಾಪನೆಯಾಯಿತು. ತಮಿಳರು, ತೆಲುಗರು, ಮಲೆಯಾಳಿಗಳು ಬಂದು ಸೇರಿದರು. ನೆರೆಮನೆಯ ಅಡಿಗೆ ನೆರೆಮನೆಗೆ ಹೋಯಿತು. ಫರ್ನೇಸು, ಶಿಫ್ಟು, ರೋಲಿಂಗ್ ಮಿಲ್ಲು, ಈ ಪದಗಳು ಚಿಕ್ಕಪ್ಪನ ನಾಲಗೆಯಲ್ಲಿ ನೀರಿನ ಹಾಗೆ ಹರಿಯುತ್ತವೆ. ಏಕೆಂದರೆ ಆ ವಸ್ತುಗಳನ್ನು ಅವರು ಬಲ್ಲರು. ಅವರನ್ನು ಸೋಲಿಸಿದ್ದು ಪರಭಾಷೆಯ ಪದವಲ್ಲ. ಪದದ ಹಿಂದಿನ ವಸ್ತುವನ್ನು ಮುಚ್ಚಿಟ್ಟ ಜಂಬ.

"ಮೊಮೊ, ಸುಶಿಗಳನ್ನೆಲ್ಲ ಕನ್ನಡಕ್ಕೆ ಅನುವಾದಿಸಲಾದೀತೆ?" ಎಂದು ಹಾಸ್ಯ ಮಾಡುವವರಿದ್ದಾರೆ. ಅನುವಾದಿಸಿ ಎಂದವರು ಯಾರು? ಜಾಮೂನನ್ನು ಅನುವಾದಿಸಿದೆವೆ? ಕೇಕನ್ನು? ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದು ಕೆಳಗೆ ಒಂದು ಸಾಲು ಸೇರಿಸಿದರೆ ಸಾಕು. ಮೊಮೊ: ಒಳಗೆ ಪಲ್ಯ ತುಂಬಿ ಹಬೆಯಲ್ಲಿ ಬೇಯಿಸಿದ ಟಿಬೆಟ್ಟಿನ ಖಾರದ ಕಡುಬು. ನಾಸಿ ಗೋರೆಂಗ್: ಇಂಡೊನೇಷ್ಯದ ಹುರಿದ ಅನ್ನ. ಅಲ್ಲಿಯ ಭಾಷೆಯಲ್ಲಿಯೂ ಆ ಹೆಸರಿನ ಅರ್ಥ ಅಷ್ಟೇ.

ಹೀಗೆ ಬರೆಯತೊಡಗಿದರೆ ಇನ್ನೊಂದು ಸಂಗತಿ ತಾನಾಗಿ ಕಾಣುತ್ತದೆ. "ಏಷಿಯನ್" ಎಂದು ಹಲಗೆ ಹಾಕಿದ್ದೇವೆ; ಹಾಗಾದರೆ ನಾವು ಯಾವ ಖಂಡದವರು? ಮಳೆಗಾಲದಲ್ಲಿ ನಾವು ಕಳಲೆ ತಂದು, ಹೆಚ್ಚಿ, ದಿನವೂ ನೀರು ಬದಲಾಯಿಸಿ ನೆನೆಹಾಕಿ ಪಲ್ಯ ಮಾಡುತ್ತೇವೆ. ಅದೇ ಬಿದಿರಿನ ಮೊಳಕೆ ಚೀನದಲ್ಲೂ ಉಂಟು, ಆ ಸಪ್ಲೈಯರ್ ಹುಡುಗನ ಮಣಿಪುರದಲ್ಲೂ ಉಂಟು. ಒರಳಲ್ಲಿ ಒತ್ತಿದ ನಮ್ಮ ಅಕ್ಕಿ ಶಾವಿಗೆಗೂ ವಿಯೆಟ್ನಾಮಿನ ಅಕ್ಕಿ ಎಳೆಗಳಿಗೂ ಎಷ್ಟು ದೂರ? ಟಿಬೆಟ್ಟಿನವರು ೧೯೬೦ರ ದಶಕದಿಂದ ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ನಮ್ಮ ನೆರೆಯವರು. ಆ ನೆರೆಯವರ ಕಡುಬನ್ನು ನಾವು ಪರಿಚಯ ಮಾಡಿಕೊಂಡದ್ದು ಇಂಗ್ಲಿಷ್ ಕಾರ್ಡಿನ ಮೂಲಕ! ನೆಂಟರ ಮನೆಗೆ ದುಭಾಷಿಯನ್ನು ಕರೆದುಕೊಂಡು ಹೋದ ಹಾಗಾಯಿತು ನಮ್ಮ ಪಾಡು.

ಆದ್ದರಿಂದ ವಾಚಕರಲ್ಲಿ ನನ್ನ ವಿನಂತಿಯಿಷ್ಟೇ. ಇಂಥ ಊಟದ ಮನೆಗಳಿಗೆ ಹೋಗಬೇಡಿ ಎನ್ನುವುದಿಲ್ಲ, ಖಂಡಿತ ಹೋಗಿ. ಕುಳಿತೊಡನೆ ಕನ್ನಡದ ಕಾರ್ಡು ಕೇಳಿ. ಇಲ್ಲವೆಂದರೆ ಜಗಳ ಬೇಡ; ಮುಂದಿನ ವಾರ ಹೋಗಿ ಮತ್ತೆ ಕೇಳಿ. ಹತ್ತು ಗಿರಾಕಿಗಳು ಕೇಳಿದರೆ ಹನ್ನೊಂದನೆಯವನು ಬರುವ ಹೊತ್ತಿಗೆ ಕಾರ್ಡು ಅಚ್ಚಾಗಿರುತ್ತದೆ.

ಅಂದು ಕೊನೆಗೆ ತರಕಾರಿಯ ಮೊಮೊ ತರಿಸಿದೆವು. "ಇದು ಟಿಬೆಟ್ಟಿನವರ ಕಡುಬು ಚಿಕ್ಕಪ್ಪ" ಎಂದೆ. "ಹಾಗಂತ ಮೊದಲೇ ಹೇಳಬಾರದೇನೋ!" ಎಂದು ಐದು ತಿಂದರು. ಮುಂದಿನ ಸಲ ಅದನ್ನು ನಾನು ಹೇಳಬೇಕಾಗಿ ಬರಬಾರದು. ಅವರೇ ಜೇಬಿನಿಂದ ಕನ್ನಡಕ ತೆಗೆದು, ಓದಿ, ತಮಗೆ ಬೇಕಾದ್ದನ್ನು ತಾವೇ ಕೇಳುವಂತಾಗಬೇಕು.