ಪಾಪಾಸುಕಳ್ಳಿಯ ತುಂಡು: ಹೆಸರು ಒಂದೇ, ಸರಕು ಬೇರೆ

ಹೊಲದ ಬದುವಿನಿಂದ ಕಿತ್ತೆಸೆಯುತ್ತಿದ್ದ ಪಾಪಾಸುಕಳ್ಳಿಯ ಮುಳ್ಳಿಲ್ಲದ ತಳಿ ಇಂದು ಮೇವಿನ ಬೆಳೆಯೆಂಬ ಹೆಸರಿನಲ್ಲಿ ಮಾರಾಟದ ಸರಕಾಗಿದೆ. ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡ ಲಗ್ಗೆರೆಯಂತಹ ಬಡಾವಣೆಯ ತಾರಸಿಯಲ್ಲಿಯೂ ಈ ವ್ಯಾಪಾರ ಆರಂಭಿಸಬಹುದು. ತಾಯಿಗಿಡ, ಹರಿತವಾದ ಚಾಕು, ಒಂದಿಷ್ಟು ಮರಳು ಇದ್ದರೆ ಬಂಡವಾಳ ಮುಗಿಯಿತು. ಪ್ರವೇಶ ಇಷ್ಟು ಸುಲಭವಾದ ವ್ಯಾಪಾರದಲ್ಲಿ ಹೆಸರು ಕೆಡುವುದೂ ಅಷ್ಟೇ ಸುಲಭ.

ಎಲೆಯಂತೆ ಕಾಣುವ ಚಪ್ಪಟೆ ಭಾಗವು ವಾಸ್ತವವಾಗಿ ಈ ಗಿಡದ ಕಾಂಡ. ಬಲಿತ ತುಂಡನ್ನು ಗೆಣ್ಣಿನಲ್ಲಿ ಕತ್ತರಿಸಿ, ಒಂದರಿಂದ ಮೂರು ವಾರ ನೆರಳಿನಲ್ಲಿಟ್ಟು, ಗಾಯ ಒಣಗಿದ ಬಳಿಕ ನೀರು ಬಸಿಯುವ ಮಣ್ಣಿನಲ್ಲಿ ಮೂರನೆಯ ಒಂದು ಭಾಗ ಹೂಳಬೇಕು. ವಿಧಾನ ಎಲ್ಲೆಡೆ ಒಂದೇ. ಫಲ ಒಂದೇ ಅಲ್ಲ. ಲಗ್ಗೆರೆಯಲ್ಲಿ ಫೆಬ್ರವರಿಯಲ್ಲಿ ಬೇರೂರುವ ತುಂಡನ್ನು ಸೆಪ್ಟೆಂಬರಿನ ಮಳೆಯಲ್ಲಿ ನೆಟ್ಟರೆ ಕೊಳೆಯಬಹುದು. ಚಳ್ಳಕೆರೆಯ ಒಣಭೂಮಿಯಲ್ಲಿ ತಾನಾಗಿ ನಿಲ್ಲುವ ಗಿಡಕ್ಕೆ ಉಡುಪಿಯಲ್ಲಿ ಮಳೆಗಾಲ ಪೂರ್ತಿ ಸೂರು ಬೇಕಾದೀತು. ಕೆನಡಾದ ದಕ್ಷಿಣ ಒಂಟಾರಿಯೊದಲ್ಲಿ ಹಿಮದಡಿ ಬದುಕುವ ಪಾಪಾಸುಕಳ್ಳಿಯುಂಟು. ಆದರೆ ಅದು ಬೇರೆಯೇ ಜಾತಿ. ನಮ್ಮ ಮೇವಿನ ತಳಿ ಅಂತಹ ಚಳಿಗೆ ಉಳಿಯದು.

ಬಿಲ್ಲಿನಲ್ಲಿ 'ಕಳ್ಳಿ' ಎಂದಷ್ಟೇ ಬರೆದರೆ ಸಾಲದೆಂಬುದಕ್ಕೆ ಇತಿಹಾಸವೂ ಸಾಕ್ಷಿ. ಕಳ್ಳಿಯ ಮೇಲೆ ಬದುಕುವ ಕೀಟದಿಂದ ಕೆಂಪು ಬಣ್ಣ ತೆಗೆಯುವ ಆಸೆಗೆ ಬಿದ್ದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ 1795ರಲ್ಲಿ ಬ್ರೆಜಿಲ್‌ನಿಂದ ಬಂದದ್ದು ಕೀಳು ಬಣ್ಣದ ಬೇರೊಂದು ಕೀಟ. ಲಾಭ ಬರಲಿಲ್ಲ, ಕೀಟ ಕಳ್ಳಿಯನ್ನೇ ತಿಂದಿತು. ಅದೇ ಕುಲದ ಇನ್ನೊಂದು ಕೀಟವನ್ನು 1926ರಲ್ಲಿ ದಕ್ಷಿಣ ಭಾರತದ ಕಾಡುಕಳ್ಳಿಯ ನಿಯಂತ್ರಣಕ್ಕೆಂದೇ ತರಲಾಯಿತು. 2014ರಲ್ಲಿ ಮೊರಾಕ್ಕೊದಲ್ಲಿ ಕಾಣಿಸಿಕೊಂಡು ಅಲ್ಲಿನ ಕಳ್ಳಿತೋಟಗಳನ್ನು ನೆಲಕಚ್ಚಿಸಿದ್ದು ಇದೇ ಕೀಟ. ತುಂಡಿನ ಮೇಲೆ ಹತ್ತಿಯಂತಹ ಬಿಳಿಮಚ್ಚೆ ಕಂಡರೆ ಅದನ್ನು ಮಾರದಿರುವುದು ಮಾರುವವನ ಹೊಣೆ.

ಹೆಚ್ಚಿನ ಎಚ್ಚರ ಬೇಕಾದದ್ದು ಮೇವಿನ ಲೆಕ್ಕದಲ್ಲಿ. ನೂರು ಕಿಲೋ ತುಂಡಿನಲ್ಲಿ ಸುಮಾರು 90 ಕಿಲೋ ನೀರೇ. ಬರಗಾಲದಲ್ಲಿ ಆ ನೀರಿಗೂ ಬೆಲೆಯುಂಟು, ನಿಜ. ಆದರೆ ಟನ್ನುಗಟ್ಟಲೆ ಇಳುವರಿ ತೋರಿಸುವ ಕರಪತ್ರ ಒಣತೂಕವನ್ನು ಮರೆಮಾಚಿದರೆ, ಲಾರಿ ಬಾಡಿಗೆ ತೆತ್ತ ರೈತ ಕೊಂಡುಕೊಂಡದ್ದು ಬಹುಪಾಲು ನೀರು. ಸಸಾರಜನಕ ಕಡಿಮೆಯಿರುವುದರಿಂದ ರಾಗಿ ಹುಲ್ಲು, ಹಿಂಡಿಯ ಜೊತೆಗೇ ತಿನ್ನಿಸಬೇಕು. ಆ ಖರ್ಚೂ ಲೆಕ್ಕಕ್ಕೆ ಸೇರಬೇಕು. ಸಾವಿರ ತುಂಡು ಕೊಳ್ಳಬಂದವನಿಗೆ ಮೊದಲು ಐವತ್ತನ್ನು ಕೊಟ್ಟು, ಅವನ ನೆಲದಲ್ಲಿ ಒಂದು ಮಳೆಗಾಲ ದಾಟಿಸಿ ನೋಡೆನ್ನುವ ವ್ಯಾಪಾರಿಗೆ ಆ ವರ್ಷದ ವಹಿವಾಟು ಇಳಿದೀತು. ಬಾಕಿ ವಸೂಲಿಯ ಜಗಳವಂತೂ ಇರದು.

ತೆರಿಗೆಯ ವಿಚಾರದಲ್ಲಿಯೂ ಗೊಂದಲವಿದೆ. 2008ರ ಹಣಕಾಸು ಕಾಯ್ದೆಯ ತಿದ್ದುಪಡಿಯ ನಂತರ ನರ್ಸರಿಯಲ್ಲಿ ಬೆಳೆಸಿದ ಸಸಿಗಳ ಆದಾಯ ಕೃಷಿ ಆದಾಯವೆನಿಸುತ್ತದೆ. ಬೇರೆಡೆಯಿಂದ ತುಂಡು ತರಿಸಿ ಹಾಗೆಯೇ ಮಾರುವವರು ಇದರ ಆಶ್ರಯ ಪಡೆಯುವಂತಿಲ್ಲ. ಅದು ವ್ಯಾಪಾರದ ಲಾಭ. ಎರಡನ್ನೂ ಮಾಡುವವರು ಲೆಕ್ಕಪುಸ್ತಕಗಳನ್ನು ಪ್ರತ್ಯೇಕವಾಗಿಡುವುದು ಲೇಸು.

ಉಳಿದ ಚೂರುಗಳನ್ನು ಖಾಲಿ ನಿವೇಶನಕ್ಕಾಗಲಿ ರಾಜಕಾಲುವೆಯ ದಂಡೆಗಾಗಲಿ ಎಸೆಯಬಾರದು. ಬಿದ್ದಲ್ಲೇ ಬೇರೂರುವ ಈ ಗುಣದಿಂದಲೇ 1920ರ ದಶಕದ ವೇಳೆಗೆ ಆಸ್ಟ್ರೇಲಿಯಾದ ಸುಮಾರು 2.4 ಕೋಟಿ ಹೆಕ್ಟೇರ್ ಭೂಮಿಯನ್ನು ಕಳ್ಳಿ ಆವರಿಸಿತ್ತು.